ತಲೆಯಲ್ಲಿದೆ, ಹಾಳೆಗೆ ಬರುತ್ತಿಲ್ಲ: ಹೈಸ್ಕೂಲಿನ ಮಕ್ಕಳು ಮತ್ತು ಕಲಿಕಾ ನ್ಯೂನತೆ

ದ್ಯುತಿಸಂಶ್ಲೇಷಣೆ.

ಈ ಪದವನ್ನು ಒಂದು ಸಲ ನಿಧಾನವಾಗಿ ನೋಡಿ. ಆರು ಅಕ್ಷರ. ಎರಡು ಕಡೆ ಒತ್ತು, ಒಂದು ಸೊನ್ನೆ, ಒಂದು ದೀರ್ಘ. ಒಂದು ಕಡೆ ‘ಶ’, ಪಕ್ಕದಲ್ಲೇ ‘ಷ’, ಕೊನೆಗೆ ‘ಣ’. ನಿಮಗೆ ಇದನ್ನು ಓದಲು ಅರೆ ಕ್ಷಣವೂ ಹಿಡಿದಿರಲಿಕ್ಕಿಲ್ಲ.

ಈಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಎಲೆ ಆಹಾರ ಹೇಗೆ ತಯಾರಿಸುತ್ತದೆ ಎಂದು ಬಾಯಲ್ಲಿ ಕೇಳಿದರೆ ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್, ಪತ್ರಹರಿತ್ತು ಎಲ್ಲವನ್ನೂ ಸೇರಿಸಿ ಚೆನ್ನಾಗಿ ಹೇಳುತ್ತಾಳೆ. ಅದನ್ನೇ ಬರಿ ಅಂದರೆ ಹಾಳೆಯ ಮೇಲೆ ಬೀಳುವುದು ‘ದುತಿಸಂಶೇಶನೆ’, ಆಮೇಲೆ ಅರ್ಧ ವಾಕ್ಯ, ಆಮೇಲೆ ಖಾಲಿ ಜಾಗ. ಉತ್ತರ ಪತ್ರಿಕೆ ನೋಡಿದವರು ಓದಿಕೊಂಡೇ ಬಂದಿಲ್ಲ ಅಂದುಕೊಳ್ಳುತ್ತಾರೆ. ಮನೆಯವರು ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಾರೆ, ಇನ್ನೊಂದು ಟ್ಯೂಷನ್‌ಗೆ ಸೇರಿಸುತ್ತಾರೆ. ಅಂಕ ಮಾತ್ರ ಅಲ್ಲೇ ಇರುತ್ತದೆ.

ಜೂನ್‌ನಲ್ಲಿ ಎಸ್ಸೆಸ್ಸೆಲ್ಸಿ ತರಗತಿ ಶುರುವಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮೊದಲ ಬಾರಿ ‘ಎಲ್‌ಡಿ’ (ಲರ್ನಿಂಗ್ ಡಿಸೆಬಿಲಿಟಿ, ಅಂದರೆ ಕಲಿಕಾ ನ್ಯೂನತೆ) ಅನ್ನುವ ಮಾತು ಕೇಳಿಬರುತ್ತದೆ. ಟೀಚರ್ ಮೆಲ್ಲಗೆ ಹೇಳುತ್ತಾರೆ, ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಹಾಗಾಗಿ ಬುಡದಿಂದಲೇ ನೋಡೋಣ.

ಕಲಿಕಾ ನ್ಯೂನತೆ ಅಂದರೆ ಏನು?

ಓದುವುದು, ಬರೆಯುವುದು, ಲೆಕ್ಕ ಮಾಡುವುದು. ಈ ಮೂರರಲ್ಲಿ ಒಂದೋ ಎರಡೋ ಮಾತ್ರ ವಯಸ್ಸಿಗೆ ತಕ್ಕಂತೆ ಬರುತ್ತಿಲ್ಲ, ಆದರೆ ಬುದ್ಧಿ, ಕಣ್ಣು, ಕಿವಿ ಎಲ್ಲ ಸರಿಯಾಗಿವೆ. ಪಾಠ ಹೇಳಿಕೊಟ್ಟಿದ್ದಾರೆ, ಮಗುವೂ ಪ್ರಯತ್ನ ಪಟ್ಟಿದೆ. ಹೀಗಿದ್ದೂ ವರ್ಷಗಟ್ಟಲೆ ತೊಂದರೆ ಉಳಿದಿದ್ದರೆ ಅದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಅನ್ನುತ್ತಾರೆ. ‘ನಿರ್ದಿಷ್ಟ’ ಅನ್ನುವ ಮಾತು ಇಲ್ಲಿ ಮುಖ್ಯ. ತೊಂದರೆ ಎಲ್ಲ ಕಡೆ ಇಲ್ಲ, ಒಂದು ಜಾಗದಲ್ಲಿದೆ.

ಓದಿನ ತೊಂದರೆಗೆ ಡಿಸ್ಲೆಕ್ಸಿಯಾ, ಬರವಣಿಗೆಯದಕ್ಕೆ ಡಿಸ್‌ಗ್ರಾಫಿಯಾ, ಲೆಕ್ಕದ್ದಕ್ಕೆ ಡಿಸ್‌ಕ್ಯಾಲ್ಕುಲಿಯಾ ಎಂದು ಹೆಸರು. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿಕೊಂಡಿರುವುದೂ ಇದೆ. ಗಮನ ನಿಲ್ಲದ ಎಡಿಎಚ್‌ಡಿ ಬೇರೆಯೇ ತೊಂದರೆ. ಆದರೆ ಹಲವು ಮಕ್ಕಳಲ್ಲಿ ಅದೂ ಜೊತೆಗಿರುತ್ತದೆ.

ಇದೇನು ಈ ಕಾಲದ ಹೊಸ ಕಾಯಿಲೆಯೇ ಎಂದು ಕೇಳುವವರಿದ್ದಾರೆ. 1896ರಲ್ಲೇ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಇಂಥ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಅವನಿಗೆ 14 ವರ್ಷ. ಲೆಕ್ಕ ಸಲೀಸು, ಮಾತು ಚುರುಕು. ತನ್ನ ಹೆಸರು ‘ಪರ್ಸಿ’ಯನ್ನು ಬರೆಯುವಾಗ ಅಕ್ಷರ ಹಿಂದುಮುಂದಾಗಿ ‘ಪ್ರೆಸಿ’ ಆಗಿತ್ತು, ಅದು ಅವನ ಗಮನಕ್ಕೇ ಬಂದಿರಲಿಲ್ಲ. ಪಾಠವೆಲ್ಲ ಬಾಯಲ್ಲೇ ನಡೆದರೆ ಇಡೀ ಶಾಲೆಯಲ್ಲಿ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನೂರಿಪ್ಪತ್ತೈದು ವರ್ಷ ಕಳೆದ ಮೇಲೂ ನಮ್ಮ ಹೈಸ್ಕೂಲುಗಳ ಸ್ಟಾಫ್ ರೂಮಿನಲ್ಲಿ ಇದೇ ಮಾತು ಕೇಳುತ್ತದೆ, ಅಲ್ವಾ?

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಈ ತೊಂದರೆ ಇರುತ್ತದೆ. ಭಾಷೆ, ದೇಶ ಯಾವುದೇ ಇರಲಿ. ಅಂದರೆ 60 ಮಕ್ಕಳ ತರಗತಿಯಲ್ಲಿ ಕಡಿಮೆ ಅಂದರೂ ಮೂವರು.

ಓದುವಾಗ ತಲೆಯಲ್ಲಿ ನಡೆಯುವುದೇನು?

ಮಾತು ತಾನಾಗಿ ಬರುತ್ತದೆ. ಓದು ಹಾಗಲ್ಲ, ಅದನ್ನು ಕಲಿಸಬೇಕು. ಕಣ್ಣು ಕಂಡ ಗುರುತನ್ನು ಮಿದುಳು ಸದ್ದಿಗೆ ಜೋಡಿಸಬೇಕು, ಸದ್ದುಗಳನ್ನು ಸೇರಿಸಿ ಪದ ಮಾಡಬೇಕು, ಪದದಿಂದ ಅರ್ಥಕ್ಕೆ ಹೋಗಬೇಕು. ಹೆಚ್ಚಿನವರಲ್ಲಿ ಈ ಜೋಡಣೆ ಕೆಲವೇ ವರ್ಷಗಳಲ್ಲಿ ರೂಢಿಯಾಗಿಬಿಡುತ್ತದೆ.

ಸ್ಕೂಟರ್ ಕಲಿತದ್ದನ್ನು ನೆನಪಿಸಿಕೊಳ್ಳಿ. ಮೊದಲ ವಾರ ಬ್ರೇಕು, ಹ್ಯಾಂಡಲ್, ಕನ್ನಡಿ ಎಂದು ಒಂದೊಂದನ್ನೂ ಯೋಚಿಸಿ ಮಾಡಬೇಕಿತ್ತು. ಹಿಂದೆ ಕೂತವರು ಮಾತಾಡಿಸಿದರೆ ಕೋಪ ಬರುತ್ತಿತ್ತು. ಈಗ ಹರಟೆ ಹೊಡೆಯುತ್ತಲೇ ಓಡಿಸುತ್ತೀರಿ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಓದು ಆ ಮೊದಲ ವಾರದಲ್ಲೇ ನಿಂತಿದೆ. ಶಕ್ತಿಯೆಲ್ಲ ಅಕ್ಷರ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದ ಮರೆತುಹೋಗಿರುತ್ತದೆ.

ಬರವಣಿಗೆಯದು ಇನ್ನೊಂದು ಬಗೆ. ಸಂಪಿನ ತುಂಬ ನೀರಿದೆ, ಪೈಪು ಮಾತ್ರ ಸಣ್ಣದು ಅಂದುಕೊಳ್ಳಿ. ಅಕ್ಷರದ ಆಕಾರ, ಕಾಗುಣಿತ, ಸಾಲಿನ ನೇರ, ಪೆನ್ನಿನ ಹಿಡಿತ ಇಷ್ಟನ್ನೂ ಒಟ್ಟಿಗೆ ಸಂಭಾಳಿಸುವಾಗ ಹೇಳಬೇಕಾದ ವಿಷಯ ಹನಿ ಹನಿಯಾಗಿ ಹೊರಗೆ ಬರುತ್ತದೆ.

ಇದು ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ. ಮಗುವಿನ ಪರೀಕ್ಷೆಗೆ ಬಂದ ಅಪ್ಪ, ‘ನನಗೂ ಹೀಗೇ ಆಗ್ತಿತ್ತು, ಅದಕ್ಕೇ ಶಾಲೆ ಬಿಟ್ಟೆ’ ಅನ್ನುವುದುಂಟು. ಇದು ಹೋಗುವಂಥ ಮಾತ್ರೆ ಇಲ್ಲ, ಕನ್ನಡಕದಿಂದಲೂ ಹೋಗುವುದಿಲ್ಲ. ಸರಿಯಾಗಿ ಕಲಿಸಿದರೆ ಓದು ಖಂಡಿತ ಸುಧಾರಿಸುತ್ತದೆ. ನಿಧಾನ ಮಾತ್ರ ಬಹಳ ಮಟ್ಟಿಗೆ ಉಳಿದುಕೊಳ್ಳುತ್ತದೆ.

ಕನ್ನಡದಲ್ಲಿ ಹೇಗೆ ಕಾಣಿಸುತ್ತದೆ?

ಕನ್ನಡ ಬರೆದಂತೆ ಓದುವ ಭಾಷೆ, ಇದರಲ್ಲೇನು ಕಷ್ಟ ಎಂದು ಅನಿಸಬಹುದು. ಇಂಗ್ಲಿಷಿನ ‘ಕಟ್’, ‘ಪುಟ್’ ತರಹದ ಗೊಂದಲ ನಮ್ಮಲ್ಲಿ ಇಲ್ಲ, ನಿಜ. ಆದರೆ ಕಲಿಯಬೇಕಾದ ರೂಪಗಳು ಜಾಸ್ತಿ. ಕಾಗುಣಿತವನ್ನೆಲ್ಲ ಎಣಿಸಿದರೆ 400 ದಾಟುತ್ತದೆ, ಒತ್ತಕ್ಷರ ಬೇರೆ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷಿನ 26 ಅಕ್ಷರ ಬೇಗ ಮುಗಿಯುತ್ತವೆ. ನಮ್ಮ ಅಕ್ಷರ ಕಲಿಕೆ ಮಾಮೂಲಿ ಮಕ್ಕಳಲ್ಲೂ ನಾಲ್ಕನೇ ತರಗತಿವರೆಗೆ ನಡೆಯುತ್ತಲೇ ಇರುತ್ತದೆ.

‘ಸೂರ್ಯ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಹಾಳೆಯಲ್ಲಿ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಸದ್ದಿನ ಸಾಲು ಒಂದು, ಗುರುತಿನ ಸಾಲು ಇನ್ನೊಂದು. ನಾವು ಇದನ್ನು ಗಮನಿಸುವುದೇ ಇಲ್ಲ. ಜೋಡಣೆಯೇ ತ್ರಾಸದಾಯಕವಾದ ಮಗು ಪ್ರತಿ ಸಲವೂ ಇಲ್ಲಿ ಎಡವುತ್ತದೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಹುಡುಕಬೇಕಾದ್ದು ಇವು: ಒತ್ತು ಬಿಟ್ಟುಹೋಗುವುದು, ದೀರ್ಘ ಮಾಯವಾಗುವುದು, ‘ಪ’, ‘ಷ’, ‘ಫ’ ಅದಲು ಬದಲಾಗುವುದು, ಒಂದೇ ಪುಟದಲ್ಲಿ ಒಂದೇ ಪದ ಮೂರು ತರಹ ಇರುವುದು. ಅವಸರದ ತಪ್ಪಿಗೂ ಇದಕ್ಕೂ ವ್ಯತ್ಯಾಸವಿದೆ. ಅವಸರದಲ್ಲಿ ಬರೆದ ಮಗು ಮತ್ತೊಮ್ಮೆ ನೋಡಿದರೆ ತಿದ್ದಿಕೊಳ್ಳುತ್ತದೆ. ಈ ಮಗುವಿಗೆ ತಪ್ಪು ಕಾಣಿಸುವುದೇ ಇಲ್ಲ, ಪರ್ಸಿಗೆ ಕಾಣಿಸದ ಹಾಗೆ.

ಒಂದು ಎಚ್ಚರಿಕೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಅಥವಾ ತೆಲುಗು ಆಡುವ ಮಗುವಿಗೆ ಶಾಲೆಯ ಕನ್ನಡ ನಿಧಾನವಾಗಿ ಬರಬಹುದು. ಅಪ್ಪ ಅಮ್ಮ ಗುಳೆ ಹೋದಾಗ ವರ್ಷಕ್ಕೆ ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಮಗುವೂ ಹಿಂದೆ ಬೀಳುತ್ತದೆ. ಇವರಿಗೆ ಬೇಕಿರುವುದು ಚೆನ್ನಾಗಿ ಪಾಠ ಹೇಳುವವರು. ಇವರೆಲ್ಲರಿಗೂ ಎಲ್‌ಡಿ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಹೈಸ್ಕೂಲಿಗೆ ಬರುವವರೆಗೆ ಗೊತ್ತಾಗಲಿಲ್ಲ ಯಾಕೆ?

ಚುರುಕಾದ ಮಗು ನೆನಪಿನ ಬಲದ ಮೇಲೆ ಬಹಳ ದೂರ ಸಾಗುತ್ತದೆ. ಐದನೇ ತರಗತಿಯ ಪದ್ಯವನ್ನು ಕೇಳಿಯೇ ಬಾಯಿಪಾಠ ಮಾಡುತ್ತದೆ. ಪ್ರಶ್ನೋತ್ತರಗಳನ್ನು ಚಿತ್ರದ ಹಾಗೆ ನೋಡಿ ಬರೆಯುತ್ತದೆ. ಎಂಟನೇ ತರಗತಿಗೆ ಬಂದಾಗ ಪುಸ್ತಕ ದಪ್ಪವಾಗುತ್ತದೆ, ಮೂರು ಭಾಷೆ, ಉದ್ದ ಉತ್ತರ, ಹೊಸ ಹೊಸ ಪದ. ಎರಡು ಕೈಯಲ್ಲಿ ನಾಲ್ಕು ಬಿಂದಿಗೆ ಹೊರಿಸಿದ ಹಾಗೆ. ಅಲ್ಲಿವರೆಗೆ ನಡೆದ ಉಪಾಯ ಕೈಕೊಡುತ್ತದೆ.

ಆಗ ಮಗುವೂ ಬದಲಾಗುತ್ತದೆ. ಟೆಸ್ಟಿನ ದಿನ ಹೊಟ್ಟೆನೋವು ಅನ್ನುತ್ತದೆ. ಗಟ್ಟಿಯಾಗಿ ಓದು ಅಂದಾಗ ತಮಾಷೆ ಮಾಡಿ ಎಲ್ಲರನ್ನೂ ನಗಿಸಿ ತಪ್ಪಿಸಿಕೊಳ್ಳುತ್ತದೆ. ಅಥವಾ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಡುತ್ತದೆ. ಸುಮ್ನೆ ಕೂರುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಮಟ್ಟಿಗೆ ಜಾಸ್ತಿ ಕಾಳಜಿ ಬೇಕಿರುವುದು ಆ ಮಗುವಿಗೇ.

ಪರೀಕ್ಷಿಸಿ ಹೇಳುವವರು ಯಾರು?

ಟೀಚರ್ ಅನುಮಾನ ಹೇಳಬಹುದು, ತೀರ್ಮಾನ ಹೇಳುವಂತಿಲ್ಲ. ಮೊದಲು ಮಕ್ಕಳ ವೈದ್ಯರು ಕಣ್ಣು, ಕಿವಿ, ಆರೋಗ್ಯ ನೋಡುತ್ತಾರೆ. ಆಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಓದು, ಬರಹ, ಲೆಕ್ಕದ ಪರೀಕ್ಷೆ. ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ರೂಪಿಸಿದ ಪರೀಕ್ಷಾ ಸರಣಿಯನ್ನು ಕೇಂದ್ರ ಸರ್ಕಾರ 2018ರ ಮಾರ್ಗಸೂಚಿಯಲ್ಲಿ ದೇಶಕ್ಕೆಲ್ಲ ಸೂಚಿಸಿತು. ನಿಮ್ಹಾನ್ಸ್ ಅಲ್ಲದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಮಕ್ಕಳನ್ನು ನೋಡುತ್ತಾರೆ.

ಇಲ್ಲಿ ಪೋಷಕರು ಮುಗ್ಗರಿಸುವ ಒಂದು ಜಾಗವಿದೆ. ಖಾಸಗಿ ಮನಶ್ಶಾಸ್ತ್ರಜ್ಞರು ಕೊಡುವ ವರದಿ ಬೇರೆ, ಸರ್ಕಾರಿ ವೈದ್ಯಕೀಯ ಪ್ರಾಧಿಕಾರ ಕೊಡುವ ಪ್ರಮಾಣಪತ್ರ ಬೇರೆ. ಮಗುವಿಗೆ ಹೇಗೆ ಕಲಿಸಬೇಕು ಎಂದು ತಿಳಿಯಲು ವರದಿ ಸಾಕು. ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ಪ್ರಮಾಣಪತ್ರ ಬೇಕು. ಅದೇ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಸಿಗುತ್ತದೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಮಾಡಿಸಬೇಕು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. 14 ಅಂದರೆ ಸರಿಯಾಗಿ ಎಂಟು, ಒಂಬತ್ತನೇ ತರಗತಿ. ಪ್ರೈಮರಿಯಲ್ಲಿ ಮಾಡಿಸಿದ ಹಳೇ ಕಾಗದ ಇದೆಯಲ್ಲ ಎಂದು ಕೂತವರು ಹತ್ತನೇ ತರಗತಿಯಲ್ಲಿ ಓಡಾಡಬೇಕಾಗುತ್ತದೆ.

ಊರಿನ ಶಾಲೆಯಲ್ಲಿ ಈ ಬಗ್ಗೆ ತಿಳಿದವರು ಇಲ್ಲದಿದ್ದರೆ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಯಾರು ಎಂದು ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು ಇವರು.

ಕಾನೂನು ಏನು ಹೇಳುತ್ತದೆ?

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಮಾತ್ರ ಇತ್ತು. ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಹೊಸ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು, ಇದನ್ನೂ ಸೇರಿಸಿತು. ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದು ಶಿಕ್ಷಣ ಸಂಸ್ಥೆಗಳ ಕರ್ತವ್ಯ ಎಂದು ಅದರಲ್ಲಿ ಬರೆದಿದೆ. ಹೆಚ್ಚಿನ ಸಮಯ, ಮಗು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಕಾಯ್ದೆಯ 17ನೇ ಕಲಂನಲ್ಲೇ ಇವೆ.

ಹೆಚ್ಚಿನ ಸಮಯ ಎಷ್ಟು? ಕೇಂದ್ರದ 2018ರ ಪರೀಕ್ಷಾ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪ್ರಮಾಣಪತ್ರದಲ್ಲಿ ನ್ಯೂನತೆಯ ಪ್ರಮಾಣ ಶೇಕಡಾ 40 ಇಲ್ಲದಿದ್ದರೆ ಏನೂ ಸಿಗುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಆದರೆ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸ್ಕ್ರೈಬ್ ಸೌಲಭ್ಯವನ್ನು ಶೇಕಡಾ 40ರ ಗೆರೆಗೆ ಮಾತ್ರ ಕಟ್ಟಿಹಾಕುವಂತಿಲ್ಲ ಎಂದು ಹೇಳಿದೆ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಹಾಕಿದ್ದ ಮೊಕದ್ದಮೆ ಅದು.

ಎಸ್ಸೆಸ್ಸೆಲ್ಸಿಗೆ ಈ ರಿಯಾಯಿತಿಗಳನ್ನು ಶಾಲೆಯ ಮುಖಾಂತರವೇ ಕೇಳಬೇಕು. ಮುಖ್ಯ ಶಿಕ್ಷಕರು ಪರೀಕ್ಷಾ ಮಂಡಳಿಗೆ ಕಳಿಸಬೇಕು, ಅನುಮತಿ ಬರಬೇಕು. ಆಸ್ಪತ್ರೆಯಲ್ಲಿ ಸರದಿ ಸಿಗುವುದಕ್ಕೇ ತಿಂಗಳು ಹಿಡಿಯಬಹುದು. ಅದಕ್ಕೇ ಒಂಬತ್ತನೇ ತರಗತಿಯಲ್ಲೇ ಶುರು ಮಾಡಿ. ಪರೀಕ್ಷೆಗೆ ನೋಂದಣಿ ಮಾಡಿಸುವ ಹೊತ್ತಿಗೆ ಕಾಗದ ಕೈಯಲ್ಲಿರಬೇಕು.

ಹೀಗೆ ಸಮಯ ಕೊಟ್ಟರೆ ಬೇರೆ ಮಕ್ಕಳಿಗೆ ಮೋಸವಲ್ಲವೇ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕನ್ನಡಕ ಹಾಕಿಕೊಂಡು ಬಂದವರಿಗೆ ಯಾರೂ ಹಾಗೆ ಕೇಳುವುದಿಲ್ಲ. ವಿಜ್ಞಾನದ ಪತ್ರಿಕೆ ಅಳೆಯಬೇಕಾದ್ದು ವಿಜ್ಞಾನವನ್ನು. ಹೆಚ್ಚಿನ ಒಂದು ಗಂಟೆ ಉತ್ತರ ಹೇಳಿಕೊಡುವುದಿಲ್ಲ, ಗೊತ್ತಿರುವ ಉತ್ತರ ಹಾಳೆಗೆ ಬರಲು ದಾರಿ ಬಿಡುತ್ತದೆ.

ಕಲಿಸುವುದು ಹೇಗೆ?

ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಒಂದು, ಓದು ಬರಹವನ್ನು ದಿನವೂ ಸ್ವಲ್ಪ ಸ್ವಲ್ಪ ಗಟ್ಟಿ ಮಾಡುವುದು. ಇನ್ನೊಂದು, ಅದು ಗಟ್ಟಿಯಾಗುವವರೆಗೆ ಪಾಠ ನಿಲ್ಲದಂತೆ ಕಿವಿಯಿಂದ, ಚಿತ್ರದಿಂದ, ಮಾತಿನಿಂದ ವಿಷಯ ತಲುಪಿಸುವುದು. ಮೊದಲನೆಯದನ್ನೇ ಹಿಡಿದು ಕೂತರೆ ಮಗು ವಿಜ್ಞಾನ, ಸಮಾಜದಲ್ಲೂ ಹಿಂದೆ ಬೀಳುತ್ತದೆ. ಎರಡನೆಯದು ಮಾತ್ರ ಆದರೆ ಓದು ಇದ್ದಲ್ಲೇ ಉಳಿಯುತ್ತದೆ.

ಮತ್ತೆ ಆ ಪದಕ್ಕೆ ಬರೋಣ. ‘ದ್ಯುತಿಸಂಶ್ಲೇಷಣೆ’ಯನ್ನು ಹತ್ತು ಸಲ ಬರಿ ಎಂದು ಇಂಪೋಸಿಷನ್ ಕೊಟ್ಟರೆ ಏನಾಗುತ್ತದೆ? ಮಗು ಮೂರನೇ ಸಲಕ್ಕೇ ತಪ್ಪು ಬರೆಯುತ್ತದೆ, ಉಳಿದ ಏಳು ಸಲ ಆ ತಪ್ಪನ್ನೇ ನಕಲು ಮಾಡುತ್ತದೆ. ತಪ್ಪು ಕೈಗೆ ರೂಢಿಯಾಗುತ್ತದೆ. ಅದರ ಬದಲು ಪದವನ್ನು ಎರಡಾಗಿ ಮುರಿಯಿರಿ. ‘ದ್ಯುತಿ’ ಅಂದರೆ ಬೆಳಕು. ‘ಸಂಶ್ಲೇಷಣೆ’ ಅಂದರೆ ಕೂಡಿಸಿ ಮಾಡುವುದು. ಬೆಳಕಿನಿಂದ ಕೂಡಿಸಿ ಮಾಡುವುದು, ಅಷ್ಟೇ. ಮೊದಲು ಅರ್ಥ ಕೂರಲಿ. ಆಮೇಲೆ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತಾ, ಬೆರಳಿನಲ್ಲಿ ಮೇಜಿನ ಮೇಲೆ ದೊಡ್ಡದಾಗಿ ಬರೆಯಲಿ. ಒತ್ತಕ್ಷರಕ್ಕೆ ಬೇರೆ ಬಣ್ಣದ ಪೆನ್ನು ಇರಲಿ. ಎರಡು ಸಲ ಸರಿಯಾಗಿ ಬರೆದರೆ ಸಾಕು, ನಾಳೆ ಮತ್ತೆರಡು ಸಲ. ಕಣ್ಣು, ಕಿವಿ, ಬಾಯಿ, ಕೈ ಒಟ್ಟಿಗೆ ದುಡಿಯುವ ಈ ವಿಧಾನವನ್ನೇ ವಿಶೇಷ ಶಿಕ್ಷಕರು ಬಳಸುತ್ತಾರೆ.

ಮಾಮೂಲಿ ತರಗತಿಯಲ್ಲೂ ಖರ್ಚಿಲ್ಲದೆ ಮಾಡಬಹುದಾದದ್ದು ಬಹಳ ಇದೆ. ಬೋರ್ಡ್ ಮೇಲಿನದನ್ನು ಪೂರ್ತಿ ನಕಲು ಮಾಡಿಸುವ ಬದಲು ಸ್ನೇಹಿತರ ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಡಬಹುದು. ಹೋಂವರ್ಕ್ ಹತ್ತು ಲೆಕ್ಕವಿದ್ದರೆ ಐದು ಸಾಕು. ಎಲ್ಲರೆದುರು ದಿಢೀರ್ ಎಂದು ಓದಿಸಬಾರದು. ಓದಿಸಲೇಬೇಕಿದ್ದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ಹೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 25, ಉಳಿದವಕ್ಕೆ 20 ಆಂತರಿಕ ಅಂಕ ಇದೆ. ಅದರ ಚಟುವಟಿಕೆಯಲ್ಲಿ ಮಾದರಿ ಮಾಡಿ ಬಾಯಲ್ಲಿ ವಿವರಿಸಲು ಅವಕಾಶ ಕೊಟ್ಟರೆ ಮಗುವಿನ ನಿಜವಾದ ಶಕ್ತಿ ಕಾಣುತ್ತದೆ.

ಲೆಕ್ಕದಲ್ಲಿ ತೊಂದರೆಯಿದ್ದರೆ ಚೌಕದ ನೋಟ್‌ಬುಕ್ ಕೊಡಿಸಿ. ಒಂದು ಚೌಕಕ್ಕೆ ಒಂದೇ ಅಂಕಿ. ಬಿಡಿ, ಹತ್ತು, ನೂರು ಒಂದರ ಕೆಳಗೊಂದು ನೇರ ನಿಲ್ಲುತ್ತವೆ. ಲೆಕ್ಕ ಶುರು ಮಾಡುವ ಮುಂಚೆ ಕೂಡು, ಕಳೆ ಚಿಹ್ನೆಗಳಿಗೆ ಸುತ್ತು ಹಾಕಿಸಿ. ಅಭ್ಯಾಸ ಮಾಡುವಾಗ ಮಗ್ಗಿಯ ಪಟ್ಟಿ ಕಣ್ಣೆದುರಿಗೆ ಇರಲಿ.

ಮನೆಯಲ್ಲಿ ಕಿತ್ತಿಟ್ಟ ಮೊಬೈಲನ್ನು ಒಂದು ಕೆಲಸಕ್ಕೆ ಹೊರಗೆ ತೆಗೆಯಬಹುದು. ಪಠ್ಯಪುಸ್ತಕದ ಕ್ಯುಆರ್ ಕೋಡ್ ಹಿಡಿದರೆ ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ವಿಡಿಯೋ ಸಿಗುತ್ತದೆ. ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್‌ಗಳಿವೆ. ಮಾತಾಡಿದರೆ ಕನ್ನಡದಲ್ಲಿ ಬರೆದುಕೊಳ್ಳುವ ಕೀಬೋರ್ಡ್ ಇದೆ. ಅಮ್ಮನೋ ಅಕ್ಕನೋ ಪಾಠವನ್ನು ಓದಿ ರೆಕಾರ್ಡ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಹೋಗುವಾಗಲೂ ಕೇಳಬಹುದು. ಕೇಳುತ್ತಾ ಪುಸ್ತಕದಲ್ಲಿ ಬೆರಳಿಟ್ಟು ಸಾಲು ಹಿಡಿದರೆ ಓದೂ ಜೊತೆಗೇ ಬೆಳೆಯುತ್ತದೆ.

ಸ್ಕ್ರೈಬ್ ಸಿಕ್ಕರೆ ಸಾಲದು, ರೂಢಿ ಬೇಕು

ಉತ್ತರ ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಮೊದಲ ಸಲ ಕೂತ ಮಗು ತಡವರಿಸುತ್ತದೆ. ಎಲ್ಲಿ ಹೊಸ ಪ್ಯಾರಾ, ಸೂತ್ರವನ್ನು ಹೇಗೆ ಹೇಳುವುದು, ಚಿತ್ರದ ಭಾಗಗಳನ್ನು ಯಾವ ಸಾಲಿನಲ್ಲಿ ಬರೆಸುವುದು, ಬರೆದದ್ದನ್ನು ಓದಿಸಿ ತಿದ್ದಿಸುವುದು, ಎಲ್ಲವೂ ಹೊಸದು. ಸ್ಕ್ರೈಬ್ ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿ. ಪಾಠದ ಪದಗಳು ಅವರಿಗೆ ಗೊತ್ತಿರುವುದಿಲ್ಲ, ಬಿಡಿಸಿ ಹೇಳಬೇಕಾಗುತ್ತದೆ. ಹಾಗಾಗಿ ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ಸ್ಕ್ರೈಬ್ ಇಟ್ಟು, ಹೆಚ್ಚಿನ ಸಮಯವನ್ನೂ ಕೊಟ್ಟು ಬರೆಸುವುದು ಒಳ್ಳೆಯದು. ನಾಲ್ಕು ಗಂಟೆ ಕೂರುವುದಕ್ಕೂ ಮೈ ಒಗ್ಗಬೇಕಲ್ಲ.

ಎಸ್ಸೆಸ್ಸೆಲ್ಸಿ ತೀರ ಭಾರವಾದರೆ ಎನ್‌ಐಒಎಸ್ ಇದೆ. ಕೇಂದ್ರದ ಮುಕ್ತ ಶಾಲೆ ಅದು. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ, ಭಾಷೆ ಒಂದಿದ್ದರೂ ನಡೆಯುತ್ತದೆ, ಗಣಿತ ಕಡ್ಡಾಯವಿಲ್ಲ. ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು. ಆದರೆ ಗಣಿತ, ವಿಜ್ಞಾನ ಬಿಟ್ಟರೆ ಮುಂದೆ ಡಿಪ್ಲೊಮಾದಂಥ ಕೆಲವು ಬಾಗಿಲು ಮುಚ್ಚುತ್ತವೆ. ಮಗುವಿನ ಆಸೆ ಏನು ಎಂದು ಕೇಳಿಯೇ ಆರಿಸಿಕೊಳ್ಳಬೇಕು.

ಮಗುವಿಗೆ ಹೇಗೆ ಹೇಳುವುದು?

ಪರೀಕ್ಷೆ ಮಾಡಿಸುತ್ತಾರೆ, ಕಾಗದ ಮಾಡಿಸುತ್ತಾರೆ, ಮಗುವಿಗೆ ಮಾತ್ರ ಏನೂ ಹೇಳುವುದಿಲ್ಲ. ಹದಿನಾಲ್ಕರ ಮಗು ಅಷ್ಟರೊಳಗೆ ತಾನು ದಡ್ಡ ಎಂದು ತೀರ್ಮಾನಿಸಿಕೊಂಡಿರುತ್ತದೆ. ಅದನ್ನು ಬಿಡಿಸಲು ಸಣ್ಣ ಮಾತು ಸಾಕು. ರಾತ್ರಿ ಊಟ ಆದ ಮೇಲೆ, ತಮ್ಮ ತಂಗಿಯರು ಇಲ್ಲದಾಗ ಹೇಳಿ: ‘ನಿಂಗೆ ಅಕ್ಷರ ಬಿಡಿಸೋಕೆ ಬೇರೆಯವರಿಗಿಂತ ಜಾಸ್ತಿ ಹೊತ್ತು ಬೇಕು ಕಣೋ. ಅದಕ್ಕೊಂದು ಹೆಸರಿದೆ, ಎಷ್ಟೋ ಜನಕ್ಕೆ ಇದೆ. ಇಷ್ಟು ದಿನ ನಮಗೆ ಗೊತ್ತಿರಲಿಲ್ಲ, ಸುಮ್ನೆ ಬೈದ್ವಿ. ನಾಳೆಯಿಂದ ಸಮಾಜ ಪಾಠ ನಾನು ಓದ್ತೀನಿ, ನೀನು ಕೇಳು. ಆಮೇಲೆ ನಂಗೆ ನೀನೇ ಹೇಳಿಕೊಡು.’